‘ನಾನೇನು ಜೈಲಿನಾಗ ಅದೀನೇನವ್ವ?’

2024ರ ಅಕ್ಟೋಬರ್ 24ಕ್ಕೆ ಕೊಪ್ಪಳದ ಕೋರ್ಟು ಮರಕುಂಬಿ ಪ್ರಕರಣದಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತಲ್ಲ, ಆ ವಾರದಿಂದ ಜೂನಿಯರ್‌ಗಳ ಮೆಸೇಜ್ ನಿಂತಿಲ್ಲ. "ಅಕ್ಕಾ, ನೀವು ಹ್ಯೂಮನ್ ರೈಟ್ಸ್ ಇಂಟರ್ನ್‌ಶಿಪ್ ಮಾಡಿದ್ರಂತಲ್ಲ, ಹೆಂಗ ಸಿಗ್ತದ?" ಗಂಗಾವತಿ ತಾಲ್ಲೂಕಿನ ಆ ಊರಿನ ದಲಿತ ಕೇರಿಯ ಮೇಲೆ ದಾಳಿ ಆಗಿದ್ದು 2014ರ ಆಗಸ್ಟ್‌ನಲ್ಲಿ. ಆಗ ನಾನು ಎಂಟನೇ ಕ್ಲಾಸು. ತೀರ್ಪು ಬಂದಾಗ ಎಲ್‌ಎಲ್‌ಬಿ ಕೊನೇ ವರ್ಷ. ನವೆಂಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು, ಆದರೆ ಅದರ ಬಗ್ಗೆ ಮೆಸೇಜ್ ಮಾಡಿದವರು ಕಡಿಮೆ.

ಒಬ್ಬೊಬ್ಬರಿಗೂ ಉತ್ತರ ಟೈಪ್ ಮಾಡಿ ಬೆರಳು ನೋಯುತ್ತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹಾಕುವುದಿಲ್ಲ. ಅವರು ನೋಡುತ್ತಿರುವ ಕೆಲವು ಪ್ರಕರಣ ಇನ್ನೂ ನಡೆಯುತ್ತಿವೆ.

ಮೊದಲು ಒಣ ವಿಷಯ ಮುಗಿಸೋಣ. ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಒಂದು ವರ್ಷದಲ್ಲಿ ಒಂದೇ ಸಲಕ್ಕೆ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವ ಹಾಗಿಲ್ಲ. ಕೋರ್ಸ್ ಮುಗಿಯುವುದರೊಳಗೆ ಒಮ್ಮೆಯಾದರೂ ವಕೀಲರ ಹತ್ತಿರ ಕೆಲಸ ಮಾಡಿರಬೇಕು. ಸ್ವಯಂಸೇವಾ ಸಂಸ್ಥೆಯಲ್ಲಿ ಮಾಡಿದರೂ ನಡೆಯುತ್ತದೆ. ನಮ್ಮ ಕಡೆ ಹೆಚ್ಚಿನವರು ಏನು ಮಾಡುತ್ತಾರೆ ಅಂತ ನಿಮಗೂ ಗೊತ್ತು. ಪರಿಚಯದ ವಕೀಲರ ಹತ್ತಿರ ಒಂದು ಪತ್ರಕ್ಕೆ ಸಹಿ ಹಾಕಿಸಿಕೊಂಡು ಬರುತ್ತಾರೆ. ನಾನೂ ಮೊದಲ ವರ್ಷ ಅದನ್ನೇ ಮಾಡಿದೆ. ನಾಲ್ಕು ವಾರದಲ್ಲಿ ಕೋರ್ಟಿಗೆ ಹೋಗಿದ್ದು ಆರು ದಿನ, ಅದರಲ್ಲಿ ಎರಡು ದಿನ ಕ್ಯಾಂಟೀನಿಗೆ.

ಎರಡನೇ ವರ್ಷ ಹನ್ನೊಂದು ಕಡೆ ಅರ್ಜಿ ಹಾಕಿದೆ. ದೆಹಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಅದರಲ್ಲಿ ಒಂದು. ಅವರು ಬೇಸಿಗೆಗೆ, ಚಳಿಗಾಲಕ್ಕೆ ಕರೆಯುತ್ತಾರೆ, ಆನ್‌ಲೈನ್‌ನಲ್ಲಿ ಎರಡು ವಾರದ್ದೂ ಇರುತ್ತದೆ. ಎರಡು ಕಡೆಯಿಂದ ಮಾತ್ರ ಉತ್ತರ ಬಂತು. ಮೊದಲು ಕಳಿಸಿದ ಕವರ್ ಲೆಟರ್‌ಗಳೆಲ್ಲ ನೆಟ್‌ನಿಂದ ಎತ್ತಿದ್ದು. ಪ್ಯಾಷನ್, ಸೋಷಿಯಲ್ ಜಸ್ಟಿಸ್, ಎಲ್ಲ ಇತ್ತು, ನಾನು ಒಬ್ಬಳು ಇರಲಿಲ್ಲ. ಸಾಕಾಗಿ ಕೊನೆಗೆ ಎರಡು ಕಡೆ ಕನ್ನಡದಲ್ಲೇ ಯೋಚನೆ ಮಾಡಿ ನಾಲ್ಕು ಸಾಲು ಬರೆದೆ: ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನವಳು, ಭತ್ತದ ನಾಟಿ ಮಾಡಿ ಗೊತ್ತು, ತೆಲುಗು ಅರ್ಥ ಆಗುತ್ತದೆ, ನಮ್ಮೂರಿಂದ ಗುಳೆ ಹೋಗುವವರು ಯಾವ ತಿಂಗಳು ಹೋಗಿ ಯಾವಾಗ ಬರುತ್ತಾರೆ ಅಂತ ಹೇಳಬಲ್ಲೆ. ಉತ್ತರ ಬಂದಿದ್ದು ಆ ಎರಡಕ್ಕೇ.

ಕೆಲಸ ಸಿಕ್ಕ ಸಂಸ್ಥೆಯಲ್ಲಿ ಸ್ಟೈಪೆಂಡ್ ಇರಲಿಲ್ಲ. ಹಾಗಾದರೆ ಹೇಗೆ ಮಾಡಿದೆ ಅಂತ ಕೇಳಬಹುದು. ಝೀರೋ ಟಿಕೆಟ್! 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬರದಿದ್ದರೆ ನಾನು ಈ ಪೋಸ್ಟ್ ಬರೆಯುತ್ತಿರಲಿಲ್ಲ. ರಾಯಚೂರು, ಸಿಂಧನೂರು, ಲಿಂಗಸುಗೂರು, ದೇವದುರ್ಗ ಅಂತ ದಿನಾ ಓಡಾಡಿದ್ದಕ್ಕೆ ಬಸ್ ಚಾರ್ಜು ಸೊನ್ನೆ. ಬಸ್ ಇಲ್ಲದ ಕಡೆ ಟಂಟಂಗೆ ಇಪ್ಪತ್ತು, ಮೂವತ್ತು. ಮಧ್ಯಾಹ್ನ ವಗ್ಗರಣಿ, ಮಿರ್ಚಿ. ಆದರೆ ಇದೇ ಲೆಕ್ಕ ನನ್ನ ಕ್ಲಾಸಿನ ಹುಡುಗರಿಗೆ ಬರುವುದಿಲ್ಲ. ಇದನ್ನು ಬೆಂಗಳೂರಿನ ಮೀಟಿಂಗ್‌ನಲ್ಲಿ ಹೇಳಿದಾಗ ಒಬ್ಬರು ನಕ್ಕರು. ನಗುವ ವಿಷಯ ಅಲ್ಲ. ಸಂಬಳ ಇಲ್ಲದ ಕೆಲಸಕ್ಕೆ ಯಾರು ಬರಬಲ್ಲರು ಅನ್ನುವುದರ ಮೇಲೆ ಯಾರ ಕಷ್ಟ ಯಾರು ಬರೆಯುತ್ತಾರೆ ಅನ್ನುವುದು ನಿಂತಿದೆ, ಅಲ್ವಾ? ಅದೂ ಜೀತದ ಬಗ್ಗೆ ಸಂಶೋಧನೆ ಮಾಡಲು ಬಿಟ್ಟಿ ಕೆಲಸ!

ಹೌದು, ನನಗೆ ಕೊಟ್ಟ ವಿಷಯ ಜೀತ. 2024ರ ಮೇ 20ರಿಂದ ಜೂನ್ 15. ಬಿಸಿಲು 42 ದಾಟಿತ್ತು. ಹಿಂದಿನ ವರ್ಷ ಬರ, ಕಾಲುವೆ ಕೆಳಗಿನ ಹೊಲಗಳಲ್ಲೂ ಎರಡನೇ ಬೆಳೆ ಇರಲಿಲ್ಲ. ಮೇ 7ರ ವೋಟಿಗೆ ಅಂತ ಗುಳೆಯಿಂದ ಬಂದಿದ್ದ ಕೆಲವರು ಇನ್ನೂ ಊರಲ್ಲೇ ಇದ್ದರು, ಅದು ನಮಗೆ ಅನುಕೂಲ. ಯಾವ ಕಚೇರಿಗೆ ಹೋದರೂ "ನೀತಿ ಸಂಹಿತೆ ಅದಮ್ಮ" ಅನ್ನುತ್ತಿದ್ದರು, ಅದು ಅನನುಕೂಲ. ಹಳೇ ಕಡತ ತೋರಿಸುವುದಕ್ಕೂ ನೀತಿ ಸಂಹಿತೆಗೂ ಏನು ಸಂಬಂಧ ಅಂತ ಇವತ್ತಿಗೂ ನನಗೆ ತಿಳಿದಿಲ್ಲ.

ಮೊದಲ ವಾರ ಬರೀ ಓದು. ಜೀತ ಪದ್ಧತಿ ರದ್ದತಿ ಕಾಯ್ದೆ, 1976. ಜಾರಿಯಾಗಿದ್ದು ಮಾತ್ರ ಹಿಂದಿನ ವರ್ಷದ ಅಕ್ಟೋಬರ್ 25ರಿಂದಲೇ, ಸುಗ್ರೀವಾಜ್ಞೆ ಜಾರಿಗೆ ಬಂದ ದಿನದಿಂದ. ಕ್ಲಾಸಿನಲ್ಲಿ ಇದನ್ನು ಹತ್ತು ನಿಮಿಷದಲ್ಲಿ ಮುಗಿಸಿದ್ದರು. ನಮ್ಮ ಸೀನಿಯರ್ ವಕೀಲೆ ಎರಡನೇ ಸೆಕ್ಷನ್ನಿನ ಜಿ ಉಪವಿಭಾಗ ಒಂದನ್ನೇ ಎರಡು ದಿನ ಓದಿಸಿದರು. ಸಾಲ, ಮುಂಗಡ, ವಂಶದ ಋಣ, ಜಾತಿಯ ಕಟ್ಟು, ಇಂಥ ಯಾವುದಾದರೂ ಕಾರಣಕ್ಕೆ ದುಡಿಯುತ್ತಿದ್ದು, ನಾಲ್ಕರಲ್ಲಿ ಯಾವುದಾದರೂ ಒಂದು ಇದ್ದರೆ ಸಾಕು. ಕೂಲಿ ಇಲ್ಲ, ಅಥವಾ ಹೆಸರಿಗೆ ಮಾತ್ರ ಕೂಲಿ. ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಇಲ್ಲ. ಓಡಾಡುವ ಸ್ವಾತಂತ್ರ್ಯ ಇಲ್ಲ. ತನ್ನ ವಸ್ತುವನ್ನೋ ದುಡಿಮೆಯ ಫಲವನ್ನೋ ಮಾರುಕಟ್ಟೆ ಬೆಲೆಗೆ ಮಾರುವ ಹಾಗಿಲ್ಲ. ಸರಪಳಿ ಬೇಕಿಲ್ಲ, ಬೀಗ ಬೇಕಿಲ್ಲ. "ನಾಲ್ಕರಲ್ಲಿ ಒಂದು. ಕೋರ್ಟಿನಲ್ಲಿ ಎಲ್ಲರೂ ಮರೆಯೋದು ಇದನ್ನೇ" ಅಂತ ಅವರು ಹಲಗೆಯ ಮೇಲೆ ಬರೆದಿಟ್ಟಿದ್ದರು.

ಅದೇ ಕೋಣೆಯಲ್ಲಿ ಉಳಿದವರೆಲ್ಲ ಜುಲೈ 1ಕ್ಕೆ ಬರಲಿದ್ದ ಹೊಸ ಅಪರಾಧ ಕಾಯ್ದೆಗಳ ಪಟ್ಟಿ ಹಿಡಿದು ಹಳೇ ಸೆಕ್ಷನ್, ಹೊಸ ಸೆಕ್ಷನ್ ಬಾಯಿಪಾಠ ಮಾಡುತ್ತಿದ್ದರು. ನಾನು ಮಾತ್ರ ಐವತ್ತು ವರ್ಷ ಹಳೇ ಕಾಯ್ದೆ ಹಿಡಿದು ಕೂತಿದ್ದೆ.

ಎರಡನೇ ವಾರ ಊರುಗಳಿಗೆ. ಕೈಯಲ್ಲಿ ನಲವತ್ತೆರಡು ಪ್ರಶ್ನೆಗಳ ಫಾರ್ಮು. ಇಂಗ್ಲಿಷಿನಲ್ಲಿ ತಯಾರಿಸಿ ಯಾರೋ ಕನ್ನಡ ಮಾಡಿದ್ದರು. ಮೊದಲ ಊರು, ಮೊದಲ ಮನೆ. ಬೇವಿನ ಮರದ ಕೆಳಗೆ ಹಿರಿಯರೊಬ್ಬರು ಹಗ್ಗ ಹೊಸೆಯುತ್ತಾ ಕೂತಿದ್ದರು. ನಾನು ಪೆನ್ ತೆಗೆದು ಶುರು ಮಾಡಿದೆ. "ತಾವು ಬಂಧಿತ ಕಾರ್ಮಿಕರೇ?"

ಅವರು ಹಗ್ಗ ಬಿಟ್ಟು ನನ್ನ ಮುಖ ನೋಡಿದರು. "ಬಂಧಿತ? ನಾನೇನು ಜೈಲಿನಾಗ ಅದೀನೇನವ್ವ?"

ಸುತ್ತ ನಿಂತಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಸರಿ, ಪದ ಬದಲಿಸಿದೆ. "ಅಲ್ರೀ, ಜೀತಕ್ಕಿದೀರೇನು ಅಂತ." ಈ ಸಲ ಯಾರೂ ನಗಲಿಲ್ಲ. "ಜೀತಕ್ಕ ನಮ್ಮಪ್ಪ ಇದ್ದ. ನಾ ಸಂಬಳಕ್ಕದೀನಿ" ಅಂದರು, ಸ್ವಲ್ಪ ಬಿರುಸಾಗಿ. ಆಮೇಲೆ ಹಗ್ಗ ಎತ್ತಿಕೊಂಡರು. ಮಾತು ಮುಗಿಯಿತು. ಫಾರ್ಮಿನಲ್ಲಿ ‘ಇಲ್ಲ’ ಅಂತ ಗುರುತು ಹಾಕಿದೆ. ಆ ದಿನ ಹದಿನಾಲ್ಕು ಮನೆ, ಹದಿನಾಲ್ಕು ‘ಇಲ್ಲ’. ಹಾಗೇ ಬಿಟ್ಟಿದ್ದರೆ ನನ್ನ ವರದಿ ಒಂದು ಪುಟದಲ್ಲಿ ಮುಗಿಯುತ್ತಿತ್ತು: ಈ ಊರಿನಲ್ಲಿ ಜೀತ ಇಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ನಾಚಿಕೆ ಆಗಿದ್ದು ಬೇರೆ ಕಾರಣಕ್ಕೆ. ‘ಸಂಬಳಕ್ಕಿರೋದು’ ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆ ಉಗಾದಿಯಿಂದ ಉಗಾದಿಗೆ ಸಂಬಳ ಮಾತಾಡುತ್ತಾರೆ. ವರ್ಷಕ್ಕೆ ಇಷ್ಟು ಅಂತ. ಅದರಲ್ಲಿ ಬಹುಪಾಲು ಮೊದಲೇ ಮುಂಗಡ. ಮಗಳ ಮದುವೆಗೋ, ಆಸ್ಪತ್ರೆಗೋ ಆ ದುಡ್ಡು ಹೋಗಿರುತ್ತದೆ. ಆಮೇಲೆ ವರ್ಷಪೂರ್ತಿ ಎತ್ತು, ಸಗಣಿ, ನೀರು ಕಟ್ಟುವುದು, ರಾತ್ರಿ ಕಾಲುವೆ ಕಾಯುವುದು. ಊಟ ಸಾಹುಕಾರನ ಮನೆಯಲ್ಲಿ. ಇಷ್ಟು ಗೊತ್ತಿದ್ದವಳು ಫಾರ್ಮು ಕೈಗೆ ಬಂದ ತಕ್ಷಣ ‘ಬಂಧಿತ’ ಅಂತ ಕೇಳಿದೆ. ಲಾ ಕಾಲೇಜು ಎರಡೇ ವರ್ಷದಲ್ಲಿ ಇಷ್ಟು ಮಾಡಿತ್ತು.

ರಾತ್ರಿ ಕೂತು ಫಾರ್ಮು ಬಿಚ್ಚಿ ಕಟ್ಟಿದೆ. ಸೀನಿಯರ್ ಬೈಯುತ್ತಾರೆ ಅಂದುಕೊಂಡಿದ್ದೆ, ಅವರು ಇನ್ನೂ ಎರಡು ಸೇರಿಸಿದರು. ‘ಓಡಾಟದ ಸ್ವಾತಂತ್ರ್ಯಕ್ಕೆ ನಿರ್ಬಂಧವಿದೆಯೇ’ ಅನ್ನುವುದರ ಬದಲು: "ಪಂಚಮಿಗೆ ಹೆಂಡತಿ ತವರಿಗೆ ಕರಕೊಂಡು ಹೋಗಬೇಕಂದ್ರ ಯಾರನ್ನ ಕೇಳ್ತೀರಿ?" ‘ಉದ್ಯೋಗದ ಆಯ್ಕೆ’ ಬದಲು: "ಪಕ್ಕದ ಊರಾಗ ದಿನಕ್ಕ ಜಾಸ್ತಿ ಕೂಲಿ ಕೊಡ್ತಾರಂದ್ರ ಹೋಗಬಹುದೇನು?" ಕೂಲಿಗೆ: "ಈ ಉಗಾದಿಗೆ ಎಷ್ಟಕ್ಕ ಮಾತಾಡಿದ್ರಿ? ಎಷ್ಟು ಮುಂಗಡ? ಜ್ವರ ಬಂದು ಮಲಗಿದ ದಿನದ್ದು ಏನು ಮಾಡ್ತಾರ?" ಸೀನಿಯರ್ ಸೇರಿಸಿದ್ದು: "ಲೆಕ್ಕದ ಪುಸ್ತಕ ಯಾರ ಹತ್ರ ಇರ್ತದ?" ಮತ್ತೆ: "ನಡುವ ಬಿಟ್ಟು ಹೋದವ್ರು ಯಾರಾದ್ರೂ ಅದಾರೇನು?"

ಕಾಯ್ದೆಯ ನಾಲ್ಕೂ ಷರತ್ತು ಅಡುಗೆಮನೆ ಭಾಷೆಗೆ ಇಳಿದವು. ಉತ್ತರಗಳು ತಾವಾಗಿ ಬಂದವು. ಜ್ವರ ಬಂದ ದಿನಕ್ಕೆ ಬದಲಿ ಆಳು ಕಳಿಸಬೇಕು, ಇಲ್ಲವಾದರೆ ಒಂದು ದಿನಕ್ಕೆ ಎರಡು ದಿನ ಹಿಡಿಯುತ್ತಾರೆ. ತವರಿಗೆ ಹೆಂಡತಿ ಹೋಗಬಹುದು, ಗಂಡ ಹೋಗುವ ಹಾಗಿಲ್ಲ. ಬಿಟ್ಟು ಹೋದವನ ತಮ್ಮ ಈಗ ಅದೇ ಮನೆಯಲ್ಲಿ ಇದ್ದಾನೆ, ಅಣ್ಣನ ಮುಂಗಡ ತೀರಿಸಲು. ಒಬ್ಬರು ವರ್ಷಕ್ಕೆ ಅರವತ್ತು ಸಾವಿರ ಅಂದರು. ಮೊಬೈಲ್ ತೆಗೆದು ಭಾಗಿಸಿದೆ. ದಿನಕ್ಕೆ 164 ರೂಪಾಯಿ. ಆಗ ಉದ್ಯೋಗ ಖಾತರಿಯಲ್ಲಿ ದಿನಕ್ಕೆ 349 ಇತ್ತು. ಊಟದ ಲೆಕ್ಕ ಸೇರಿಸಿದರೂ ಸರಿ ಹೋಗುವುದಿಲ್ಲ.

ಏಷ್ಯಾಡ್ ಕೇಸು ನೆನಪಿದೆಯಾ? ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕೆಲಸದ ಕೂಲಿಗಳದ್ದು, 1982ರ ಸುಪ್ರೀಂ ಕೋರ್ಟ್ ತೀರ್ಪು, ನ್ಯಾಯಮೂರ್ತಿ ಭಗವತಿ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ಹೇಳುವ ಬಲವಂತದ ದುಡಿಮೆ, ಯಾಕೆಂದರೆ ಹಸಿವೂ ಒಂದು ಬಲವಂತವೇ ಅನ್ನುವ ತೀರ್ಪು. ಪರೀಕ್ಷೆಗೆ ಅದನ್ನು ಐದು ಅಂಕದ ಟಿಪ್ಪಣಿಯಾಗಿ ಓದಿದ್ದೆ. ಬೇವಿನ ಮರದ ಕೆಳಗೆ 164 ಅನ್ನುವ ಅಂಕಿ ಸ್ಕ್ರೀನ್ ಮೇಲೆ ಬಂದಾಗ ಆ ತೀರ್ಪು ಯಾಕೆ ಬಂತು ಅಂತ ಹೊಳೆಯಿತು.

ಇನ್ನೊಂದು ವಿಷಯ ಅಲ್ಲೇ ಹೊಳೆಯಿತು, ಅದನ್ನು ಬರೆಯಲು ಸ್ವಲ್ಪ ಹಿಂಜರಿಕೆ. ನಮ್ಮ ಅವ್ವನ ತವರಲ್ಲಿ ಕಾಲುವೆ ಕೆಳಗೆ ಎಂಟು ಎಕರೆ ಇದೆ. ನಾನು ಸಣ್ಣವಳಿದ್ದಾಗ ಅಲ್ಲಿ ಒಬ್ಬರು ಸಂಬಳಕ್ಕಿದ್ದರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಒಯ್ದವರು. ಉಗಾದಿಗೆ ಅವರಿಗೆ ಒಂದು ಧೋತರ, ಒಂದು ಟವೆಲ್, ಒಂದು ಚೀಲ ಜೋಳ. ಅವರ ತಟ್ಟೆ ದನದ ಕೊಟ್ಟಿಗೆಯ ಮಾಡಿನಲ್ಲಿ ಇರುತ್ತಿತ್ತು. ತಟ್ಟೆ ಅಲ್ಲೇಕೆ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಆ ವಾರ ಅಜ್ಜಿಗೆ ಫೋನ್ ಮಾಡಿದಾಗ ಮೆಲ್ಲಗೆ ಕೇಳಿದೆ. ಅವರು ಎಷ್ಟು ವರ್ಷ ಇದ್ದರು? "ಹದಿನೆಂಟು." ಸಂಬಳ? "ಅದೆಲ್ಲ ಮುತ್ಯಾನ ಪುಸ್ತಕದಾಗ. ಊಟ ನಾವೇ ಹಾಕ್ತಿದ್ವಲ್ಲ." ಮುತ್ಯಾ, ಅಂದರೆ ನಮ್ಮಜ್ಜ, ಹೋಗಿ ಏಳು ವರ್ಷ ಆಯಿತು. ಪುಸ್ತಕ ಎಲ್ಲಿದೆಯೋ ಅಜ್ಜಿಗೂ ಗೊತ್ತಿಲ್ಲ. ಲೆಕ್ಕದ ಪುಸ್ತಕ ಯಾರ ಹತ್ತಿರ ಇರುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲೇ ಸಿಕ್ಕಿತು.

ಈ ಕೆಲಸಕ್ಕೆ ನಮ್ಮ ಕಡೆಯವರೇ ಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹೇಳುವಾಗ ಮೂರನೇ ವಾರದ ಕಥೆಯನ್ನೂ ಹೇಳಬೇಕು. ಯಾವ ಊರಿಗೆ ಹೋದರೂ ಮೊದಲು ಅವರೇ ನಮ್ಮನ್ನು ಕೇಳುವುದು: "ಯಾರ ಪೈಕಿ ನೀನು?" ಬೆಂಗಳೂರಿನಿಂದ ಬಂದ ಇಂಟರ್ನ್‌ಗೆ ಇದು ಗೊತ್ತಾಗದ ಪ್ರಶ್ನೆ, ಆದರೆ ಅವಳಿಗೆ ಅಪಾಯವೂ ಇಲ್ಲ. ನಾನು ಒಂದು ಊರಿನ ಶಾಲೆ ಮುಂದೆ ಸುಮ್ನೆ ಒಂದು ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ಹಿಂದೆ ಗೋಡೆಯ ಮೇಲೆ ಊರಿನ ಹೆಸರಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಸೋದರಮಾವನ ಫೋನ್. "ಆ ಊರಾಗ ಏನು ನಿನ್ನ ಕೆಲಸ? ನಮ್ಮವರೇ ಅದಾರ ಅಲ್ಲಿ."

ಸೀನಿಯರ್ ಬೈಯಲಿಲ್ಲ. ಸ್ಟೇಟಸ್ ಅಳಿಸಲು ಹೇಳಿದರು. ಆ ಊರಿನ ಕೆಲಸ ಅಲ್ಲಿಗೇ ನಿಲ್ಲಿಸಿದರು. ಒಂಬತ್ತು ಮನೆಯವರು ನಮ್ಮ ಮೇಲೆ ನಂಬಿಕೆ ಇಟ್ಟು ಮಾತಾಡಿದ್ದರು, ಆ ಹಾಳೆಗಳನ್ನು ವರದಿಗೆ ಬಳಸಲಿಲ್ಲ. "ನಿನಗೆ ಒಂದು ಫೋಟೋ, ಅವರಿಗೆ ಮುಂದಿನ ಉಗಾದಿ" ಅಂದರು, ಅಷ್ಟೇ. ಅವತ್ತಿನಿಂದ ನೋಟ್‌ಬುಕ್‌ನಲ್ಲಿ ಹೆಸರಿಲ್ಲ, ಊರಿಲ್ಲ. ಮನೆಗೆ ನಂಬರ್, ಊರಿಗೆ ಅಕ್ಷರ, ಅದರ ಕೀಲಿ ಬೇರೆ ಕಡೆ. ಮಾತಾಡುವ ಮೊದಲು ಮೂರು ವಿಷಯ ಹೇಳುವುದು: ನಾವು ಸರ್ಕಾರದವರಲ್ಲ, ಇದರಿಂದ ನಿಮಗೆ ದುಡ್ಡು ಬರುತ್ತದೆ ಅಂತ ಹೇಳಲಾರೆವು, ಬೇಡ ಅನ್ನಿಸಿದರೆ ಎದ್ದು ಹೋಗಬಹುದು. ಮೂರನೆಯದನ್ನು ಹೇಳಿದಾಗ ಒಬ್ಬ ತಾಯಿ, "ಎದ್ದು ಎಲ್ಲಿ ಹೋಗಲಿ, ಇದು ನನ್ನ ಮನೀನೇ" ಅಂದರು.

ದುಡ್ಡಿನ ವಿಷಯ ಕೇಳೇ ಕೇಳುತ್ತಾರೆ. ಅದಕ್ಕೆ ಉತ್ತರ ತಿಳಿದುಕೊಂಡು ಹೋಗಿ. ಕಾಯ್ದೆ ಪ್ರಕಾರ ಜೀತದ ಸಾಲ ತಾನಾಗಿಯೇ ರದ್ದು. ಸಾಲ ಜೀತದ್ದಲ್ಲ ಅಂತ ಸಾಬೀತು ಮಾಡುವ ಹೊಣೆ ಸಾಹುಕಾರನ ಮೇಲೆ. ಬಿಡುಗಡೆ ಪತ್ರ ಕೊಡುವುದು ಉಪವಿಭಾಗದ ಮಟ್ಟದಲ್ಲಿ. ನಮ್ಮ ಜಿಲ್ಲೆಯಲ್ಲಿ ರಾಯಚೂರು, ಲಿಂಗಸುಗೂರು ಎರಡು ಉಪವಿಭಾಗ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಗಂಡಸಿಗೆ ಒಂದು ಲಕ್ಷ, ಹೆಂಗಸರಿಗೆ, ಮಕ್ಕಳಿಗೆ ಎರಡು ಲಕ್ಷ, ತೀರಾ ಕ್ರೂರ ಪ್ರಕರಣಕ್ಕೆ ಮೂರು ಲಕ್ಷ. ಆದರೆ ಪೂರ್ತಿ ಮೊತ್ತವನ್ನು ಆರೋಪಿಗೆ ಶಿಕ್ಷೆ ಆಗುವುದಕ್ಕೆ ಗಂಟು ಹಾಕಿದ್ದಾರೆ. ಕೇಸು ಬಿದ್ದುಹೋದರೆ ದುಡಿದವನು ಜೀತಕ್ಕಿದ್ದದ್ದು ಸುಳ್ಳಾಗುತ್ತದೆಯೇ? ನನಗೆ ಈ ಯೋಜನೆಯಲ್ಲಿ ಅತಿ ಸಿಟ್ಟು ತರಿಸುವ ಸಾಲು ಇದೇ. ಉಚಿತ ವಕೀಲರು ಮಾತ್ರ ಹಕ್ಕಿನಿಂದಲೇ ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಬಿಟ್ಟಿ ದುಡಿಮೆಗೆ ಸಿಕ್ಕವರ ಹೆಸರೂ ಇದೆ.

ನಾಲ್ಕನೇ ವಾರ ಬರವಣಿಗೆ. ನನ್ನ ಮೊದಲ ಡ್ರಾಫ್ಟ್‌ನಲ್ಲಿ ‘ಅಮಾನವೀಯ’ ಏಳು ಸಲ, ‘ಶೋಚನೀಯ’ ನಾಲ್ಕು ಸಲ. ಎಲ್ಲದಕ್ಕೂ ಕೆಂಪು ಗೆರೆ. "ತಟ್ಟೆ ಎಲ್ಲಿ ಇಟ್ಟಿದ್ದರು ಬರಿ, ಸಾಕು" ಅಂದರು. ಇಪ್ಪತ್ತೆಂಟು ಪುಟ ಹನ್ನೊಂದಾಯಿತು. ಹನ್ನೊಂದರಲ್ಲಿ ಎರಡು ಪುಟ ನಾವು ಏನು ನೋಡಲಾಗಲಿಲ್ಲ ಅನ್ನುವುದಕ್ಕೆ. ಉದಾಹರಣೆಗೆ ಬೀಜದ ಹತ್ತಿಯ ಕ್ರಾಸಿಂಗ್, ಅಂದರೆ ಒಂದು ಹೂವಿನ ಪರಾಗ ಇನ್ನೊಂದಕ್ಕೆ ಕೈಯಿಂದ ಮುಟ್ಟಿಸುವ ಕೆಲಸ. ಮಕ್ಕಳು ಅದಕ್ಕೆ ಹೋಗುವುದು ಹೂವು ಬಿಟ್ಟ ಮೇಲೆ, ಮಳೆಗಾಲದ ಕೊನೆಗೆ. ನಮಗೆ ರಜ ಇರುವುದು ಮೇ, ಜೂನ್. ಇಂಟರ್ನ್ ಬರುವಾಗ ಹೂವಿಲ್ಲ, ಹೂವು ಇರುವಾಗ ಇಂಟರ್ನ್ ಇಲ್ಲ. ಬೆಳೆಯ ಕ್ಯಾಲೆಂಡರ್ ಮತ್ತು ಯೂನಿವರ್ಸಿಟಿ ಕ್ಯಾಲೆಂಡರ್ ಕೂಡುವುದೇ ಇಲ್ಲ.

ಜೀತ ರದ್ದತಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲೆ, ಪ್ರತಿ ಉಪವಿಭಾಗಕ್ಕೆ ಕಾಯ್ದೆ ಜಾರಿಯ ಮೇಲೆ ಕಣ್ಣಿಡಲು ಒಂದು ಜಾಗೃತ ಸಮಿತಿ ಇರಬೇಕು. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು ಇರಬೇಕು. ನಮ್ಮ ಕಡೆ ಮೂರು ವರ್ಷದಲ್ಲಿ ಎಷ್ಟು ಸಭೆ ಆಗಿದೆ ಅಂತ ಒಂದು ಕಚೇರಿಗೆ ಆರ್‌ಟಿಐ ಹಾಕಿದೆ, ನನ್ನದೇ ಹೆಸರಲ್ಲಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಯಾಕೆ ಬೇಕು ಅಂತ ಅವರು ಕೇಳುವ ಹಾಗಿಲ್ಲ, ನಾವು ಹೇಳಬೇಕಿಲ್ಲ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಎಲ್ಲರೂ ಇದನ್ನು ಬೈಯುತ್ತಾರೆ. ಕನ್ನಡದಲ್ಲಿ ಬರೆಯಿರಿ, ಇಂಗ್ಲಿಷಿನ ನಾಲ್ಕು ಪದ ನಮ್ಮಲ್ಲಿ ಒಂದೇ ಪದಕ್ಕೆ ಅಂಟಿಕೊಳ್ಳುತ್ತದೆ. ನನ್ನದು 61ಕ್ಕೆ ಮುಗಿಯಿತು.

ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಜೂನ್ 12ಕ್ಕೆ ಹಾಕಿದ್ದು. ಜುಲೈ ಹೋಯಿತು, ಆಗಸ್ಟ್ ಹೋಯಿತು. ಎರಡು ಸಲ ನೆನಪಿನ ಪತ್ರ. ಇಂಟರ್ನ್‌ಶಿಪ್ ಸರ್ಟಿಫಿಕೇಟು ಕಾಲೇಜಿನ ಫೈಲು ಸೇರಿ ನಾಲ್ಕು ತಿಂಗಳಾದ ಮೇಲೆ, ಅಕ್ಟೋಬರ್ ಕೊನೆಗೆ, ಮನೆಗೆ ಲಕೋಟೆ ಬಂತು. ಅಪ್ಪ ಒಡೆದು ಓದಿದರು. ಒಂದೇ ಸಾಲು. ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಮಾಹಿತಿ ಶೂನ್ಯ.’

"ಶೂನ್ಯ ಅಂದ್ರ ಸಭಾ ಆಗಿಲ್ಲಂತೋ, ಕಾಗದ ಇಲ್ಲಂತೋ?" ಅಂತ ಅಪ್ಪ ಕೇಳಿದರು. ಅದನ್ನೇ ಪ್ರಶ್ನೆ ಮಾಡಿ ಮೊದಲ ಮೇಲ್ಮನವಿ ಹಾಕಿದ್ದೇನೆ. ಮೊನ್ನೆ ವಿಚಾರಣೆಯ ನೋಟಿಸ್ ಬಂತು. ಬೆಳಿಗ್ಗೆ ಹನ್ನೊಂದು ಗಂಟೆಗೆ ಹಾಜರಾಗಬೇಕಂತೆ. ಅವತ್ತೇ, ಅದೇ ಹೊತ್ತಿಗೆ, ನನ್ನ ಕಾರ್ಮಿಕ ಕಾನೂನು ಪೇಪರ್ ಇದೆ.